ಆಯುಧದ ಬಾಳಿಕೆ

ಭಾನುವಾರ ಸಂಜೆ ಸಂಘದ ವಾಚನಾಲಯದಲ್ಲಿ ಸೇರುವ ನಮ್ಮ ಚಿಕ್ಕ ಬಳಗದಲ್ಲಿ ಮಾತೆಲ್ಲ ಸಾಮಾನ್ಯವಾಗಿ ಊರಿನ ಮಳೆ, ಮಕ್ಕಳ ಕಾಲೇಜು, ಹಬ್ಬದ ದಿನಗಳಲ್ಲಿ ರೈಲಿನಲ್ಲಿ ಜಾಗ ಸಿಗದ ಕಷ್ಟ, ಇವುಗಳ ಸುತ್ತಲೇ ತಿರುಗುತ್ತದೆ. ಕಳೆದ ದಸರೆ ಮುಗಿದ ಮರುವಾರ ಮಾತ್ರ ಹಿರಿಯ ಸದಸ್ಯರೊಬ್ಬರು ನಾವಾರೂ ನಿರೀಕ್ಷಿಸದ ಪ್ರಶ್ನೆಯೊಂದನ್ನು ಮುಂದಿಟ್ಟರು. ಅವರ ಮನೆಯಲ್ಲಿ ಒಂದು ಹಳೆಯ ಪಿಸ್ತೂಲು ಇದೆಯಂತೆ. ಅದನ್ನು ಏನು ಮಾಡಬೇಕು?

ಪ್ರಸಂಗವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಅವರದು ಮಲೆನಾಡಿನ ಕಾಫಿತೋಟದ ಮನೆತನ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನೆರೆಯ ತೋಟದ ಇಂಗ್ಲಿಷ್ ದೊರೆ ಊರಿಗೆ ಮರಳುವಾಗ ತನ್ನ ಪಿಸ್ತೂಲನ್ನು ಇವರ ತಂದೆಗೆ ಮಾರಿಹೋದ. ಅದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪೆನಿಯ .32 ಅಳತೆಯ ಪಿಸ್ತೂಲು. ತಂದೆಯ ಕಾಲವಾದ ಮೇಲೆ ಲೈಸೆನ್ಸು ಹಿರಿಯ ಮಗನ ಹೆಸರಿಗಾಯಿತು. ಆ ಅಣ್ಣನೂ ಈಗ ತೀರಿಕೊಂಡಿದ್ದಾರೆ. ಲೈಸೆನ್ಸುದಾರ ಹೋದ ಮೇಲೆ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1959ರ ಆಯುಧ ಕಾಯಿದೆಯಂತೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸಿರುವ ವ್ಯಾಪಾರಿಯಲ್ಲೋ ಇಡಬೇಕು. ಹಾಗೆ ಇಡಲು ಹೋದಾಗ ಆ ವ್ಯಾಪಾರಿ ಪಿಸ್ತೂಲನ್ನು ಬಿಚ್ಚಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಮೆಚ್ಚಿ ತಲೆದೂಗಿದನಂತೆ: "ಈಗಿನ ಮಾಲೆಲ್ಲ ಹೀಗೆ ಬರೋಲ್ಲ ಸ್ವಾಮಿ. ಇದು ಇನ್ನೂ ಮೂರು ತಲೆಮಾರು ಬಾಳಿಕೆ ಬರುತ್ತೆ."

ಕೊಳ್ಳುವವರಿಗೂ ಕೊರತೆಯಿಲ್ಲ. 1980ರ ದಶಕದಲ್ಲಿ ಖಾಸಗಿಯವರು ವಿದೇಶದಿಂದ ಆಯುಧ ತರಿಸುವುದಕ್ಕೆ ತಡೆ ಬಿದ್ದಂದಿನಿಂದ ಇಂತಹ ಹಳೆಯ ವಿಲಾಯತಿ ಪಿಸ್ತೂಲುಗಳಿಗೆ ಲೈಸೆನ್ಸಿರುವವರ ನಡುವೆ ಲಕ್ಷಗಳ ಲೆಕ್ಕದಲ್ಲಿ ಬೆಲೆ ಬಂದಿದೆ. ಊರಿನಲ್ಲಿ ತೋಟ ನೋಡಿಕೊಂಡಿರುವ ತಮ್ಮನಿಗೆ ಬ್ಯಾಂಕಿನ ಸಾಲವಿದೆ. ಅವನು "ಮಾರಿಬಿಡೋಣ" ಎನ್ನುತ್ತಾನೆ. ಪುಣೆಯಲ್ಲಿರುವ ತಂಗಿ "ಸರಕಾರಕ್ಕೆ ಒಪ್ಪಿಸಿಬಿಡಿ, ಅದು ಲೋಕದಲ್ಲಿ ಇರುವುದೇ ಬೇಡ" ಎನ್ನುತ್ತಾಳೆ. ನಮ್ಮ ಮಿತ್ರರಿಗೆ ತಂದೆಯ ನೆನಪು. ಪ್ರತಿ ಆಯುಧಪೂಜೆಯ ದಿನ ಅಪ್ಪ ಅದನ್ನು ಪೆಟ್ಟಿಗೆಯಿಂದ ತೆಗೆದು, ಎಣ್ಣೆ ಹಾಕಿ ಒರೆಸಿ, ಕತ್ತಿ ಗುದ್ದಲಿಗಳ ಪಕ್ಕದಲ್ಲಿಟ್ಟು, ಕುಂಕುಮ ಹಚ್ಚಿ, ಸಂಜೆ ಮತ್ತೆ ಬೀಗ ಹಾಕುತ್ತಿದ್ದರು. ಒಮ್ಮೆಯೂ ಅದನ್ನು ಮನುಷ್ಯನ ಕಡೆಗೆ ತಿರುಗಿಸಿದವರಲ್ಲ. "ಇಷ್ಟು ವರ್ಷ ಕೆಡದೆ ಉಳಿದ ವಸ್ತುವನ್ನು ನಾವು ಹೇಗೆ ಕೆಡಿಸೋದು?" ಎಂಬುದು ಅವರ ಸಂಕಟ.

ಆ ಪ್ರಶ್ನೆ ನಮ್ಮನ್ನು ಆ ಸಂಜೆಯಿಡೀ ಹಿಡಿದುಕೊಂಡಿತು. ಬಹುಕಾಲ ಬಾಳುವುದು ವಸ್ತುವಿನ ಒಳ್ಳೆಯ ಗುಣವೇ ಸರಿ. ಆದರೆ ಆ ವಸ್ತು ಆಯುಧವಾದಾಗಲೂ ಅದು ಒಳ್ಳೆಯ ಗುಣವೆ?

ಮೊದಲು, ಆ ವ್ಯಾಪಾರಿಯ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ನೋಡೋಣ. ಹಳೆಯ ಪಿಸ್ತೂಲುಗಳ ಒಡೆಯರು ಎಲ್ಲ ಕಡೆಯೂ ಹೀಗೆಯೇ ಹೇಳುತ್ತಾರೆ. ಪಿಸ್ತೂಲು ಇಟ್ಟುಕೊಳ್ಳುವುದು ಸಾಮಾನ್ಯವಾಗಿರುವ ಅಮೆರಿಕದಲ್ಲಂತೂ ಇದು ನಿತ್ಯದ ಹರಟೆ. "ನನ್ನ ಅಜ್ಜ ಯುದ್ಧದಿಂದ ತಂದದ್ದು, ಇಂದಿಗೂ ಒಂದು ಗುಂಡು ತಪ್ಪಿದ್ದಿಲ್ಲ" ಎಂದು ಒಬ್ಬ. "ಹಿಂದಿನದು ಬಡಿದು ಮಾಡಿದ ಉಕ್ಕು, ಈಗಿನದು ಅಚ್ಚಿನಲ್ಲಿ ಒತ್ತಿದ್ದು" ಎಂದು ಇನ್ನೊಬ್ಬ. ನಮ್ಮ ಅಜ್ಜಿಯರು ಹಿತ್ತಾಳೆಯ ಕೊಳಗವನ್ನು ಹೊಗಳಿ ಸ್ಟೀಲಿನ ಪಾತ್ರೆಯನ್ನು ಹಳಿಯುತ್ತಿದ್ದ ರೀತಿಯೇ ಇದು.

ಈ ಹೊಗಳಿಕೆಗೆ ಆಧಾರವಿಲ್ಲದಿಲ್ಲ. ಇಂತಹ ಪಿಸ್ತೂಲಿನಲ್ಲಿ ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹಾರುತ್ತದೆ. ಆದರೆ ಆ ಗುಂಡಿನ ಹಿನ್ನೊದೆತದ ಬಲವೇ ಮೇಲಿನ ಸ್ಲೈಡನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಅದನ್ನು ಮತ್ತೆ ಮುಂದಕ್ಕೆ ತಂದು ಹೊಸ ತೋಟಾವನ್ನು ನಳಿಗೆಗೆ ಏರಿಸುತ್ತದೆ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ. ಪ್ರತಿ ಗುಂಡಿಗೂ ಉಕ್ಕಿಗೆ ಉಕ್ಕು ಬಡಿಯುತ್ತದೆ. ಆದ್ದರಿಂದ ಬಾಳಿಕೆಯ ಪ್ರಶ್ನೆ ಹುಟ್ಟಿನಿಂದಲೇ ಇದರ ಜೊತೆಗೆ ಬಂದದ್ದು.

1911ರ ಮಾರ್ಚಿಯಲ್ಲಿ ಅಮೆರಿಕದ ಸೈನ್ಯ ಎರಡು ಕಂಪೆನಿಗಳ ಪಿಸ್ತೂಲುಗಳನ್ನು ಎದುರುಬದುರಾಗಿ ಪರೀಕ್ಷಿಸಿತು. ಎರಡು ದಿನಗಳಲ್ಲಿ ಒಂದೊಂದರಿಂದ 6,000 ಗುಂಡು ಹಾರಿಸಿದರು. ಕಾದು ಹಿಡಿಯಲಾಗದಂತಾದಾಗ ನೀರಿನಲ್ಲಿ ಅದ್ದಿ ಮುಂದುವರಿಸಿದರು. ಸ್ಯಾವೇಜ್ ಕಂಪೆನಿಯದು 37 ಸಲ ತಡವರಿಸಿತು. ಜಾನ್ ಬ್ರೌನಿಂಗ್ ರೂಪಿಸಿದ ಕೋಲ್ಟ್ ಕಂಪೆನಿಯದು ಒಮ್ಮೆಯೂ ನಿಲ್ಲಲಿಲ್ಲ. 1985ರಲ್ಲಿ ಇಟಲಿಯ ಬೆರೆಟ್ಟಾ ಅದರ ಜಾಗಕ್ಕೆ ಆಯ್ಕೆಯಾಗುವವರೆಗೂ ಅಮೆರಿಕದ ಸೈನಿಕರ ಸೊಂಟದಲ್ಲಿ ಇದ್ದದ್ದು ಆ ಕೋಲ್ಟ್ ಮಾದರಿಯೇ. ಸೈನ್ಯ ಅದನ್ನು ಹೊಸದಾಗಿ ಕೊಂಡದ್ದು 1945ರವರೆಗೆ ಮಾತ್ರ. ಆಮೇಲಿನ ನಲವತ್ತು ವರ್ಷ ನಡೆದದ್ದೆಲ್ಲ ಹಳೆಯದರಲ್ಲೇ.

ಆದರೆ ಅದೇ ಒಡೆಯರನ್ನು ಇನ್ನಷ್ಟು ವಿಚಾರಿಸಿದರೆ ಕಥೆ ಸ್ವಲ್ಪ ಬದಲಾಗುತ್ತದೆ. ಆ ನಲವತ್ತು ವರ್ಷ ಸೈನ್ಯದ ಕಾರ್ಯಾಗಾರಗಳಲ್ಲಿ ಸ್ಪ್ರಿಂಗು, ನಳಿಗೆಗಳನ್ನು ಬದಲಿಸುತ್ತಲೇ ಇದ್ದರು. ಮೊದಲ ಮಹಾಯುದ್ಧದ ಕಾಲದ ಅವೇ ಪಿಸ್ತೂಲುಗಳ ಸ್ಲೈಡಿಗೆ ಇಂದಿನಂತೆ ಉಕ್ಕಿನ ಹದ ಕೊಟ್ಟಿರಲಿಲ್ಲ. ಅದು ಮೆದು, ಹೆಚ್ಚು ಹಾರಿಸಬೇಡಿ ಎಂದು ಬಲ್ಲವರೇ ಎಚ್ಚರಿಸುತ್ತಾರೆ. ಬೆಲ್ಜಿಯಮ್ಮಿನಲ್ಲಿ 1935ರಿಂದ ತಯಾರಾದ ಬ್ರೌನಿಂಗ್ ಹೈಪವರ್ ಪಿಸ್ತೂಲಿಗೆ 1990ರ ದಶಕದಲ್ಲಿ ಹೆಚ್ಚು ಬಲದ ತೋಟಾ ಹೊಂದಿಸಹೊರಟಾಗ ಬಡಿದು ಮಾಡಿದ ಹಳೆಯ ಚೌಕಟ್ಟು ತಾಳಲಿಲ್ಲ. ಎರಕದ ಗಟ್ಟಿ ಚೌಕಟ್ಟೇ ಬೇಕಾಯಿತು. ಜರ್ಮನಿಯ ಹಳೆಯ ಲೂಗರ್ ಪಿಸ್ತೂಲಿನ ಬಿಡಿಭಾಗಗಳ ಮೇಲೂ ಅದರ ಸಂಖ್ಯೆಯ ಅಂಕಿಗಳನ್ನು ಒತ್ತಿರುತ್ತಾರೆ. ಒಂದು ಚಿಕ್ಕ ಭಾಗ ಮುರಿದು ಬೇರೆಯದನ್ನು ಹಾಕಿದರೂ ಬೆಲೆ ಇಳಿಯುತ್ತದೆಂದು ಅದರ ಒಡೆಯರು ಹಾರಿಸುವುದಕ್ಕೇ ಅಂಜುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮುರಿದುಹೋದ ಪಿಸ್ತೂಲಿನ ಒಡೆಯ ಈ ಹರಟೆಯಲ್ಲಿ ಇರುವುದಿಲ್ಲ. ಉಳಿದವುಗಳನ್ನು ಮಾತ್ರ ನೋಡಿ "ಹಳೆಯದೆಲ್ಲ ಗಟ್ಟಿ" ಎನ್ನುವುದು, ನೂರು ವರ್ಷ ಬದುಕಿದ ಅಜ್ಜನನ್ನು ನೋಡಿ ಆ ಕಾಲದವರೆಲ್ಲ ನೂರು ವರ್ಷ ಬದುಕುತ್ತಿದ್ದರು ಎಂದಂತೆ.

ನಮ್ಮ ಮಿತ್ರರ ಪಿಸ್ತೂಲು ಕೆಡದೆ ಉಳಿದದ್ದಕ್ಕೂ ಕಾರಣ ಬರಿಯ ಉಕ್ಕಲ್ಲ. ಅಪ್ಪ ಪ್ರತಿವರ್ಷ ಹಾಕಿದ ಎಣ್ಣೆ, ಮತ್ತು ಆ ಎಲ್ಲ ವರ್ಷ ಹಾರಿಸದೆ ಇದ್ದ ಸಂಯಮ. ಪಿಸ್ತೂಲಿನ ಬಾಳಿಕೆ ಎಂದು ನಾವು ಕರೆಯುವುದರಲ್ಲಿ ಅರ್ಧಪಾಲು ಅದರ ಒಡೆಯನ ನಡತೆ.

ಇಲ್ಲಿ ನಮ್ಮ ಭಾಷೆಯ ಪದವೊಂದು ವಿಚಾರಕ್ಕೆ ಹಚ್ಚುತ್ತದೆ. ಸೀರೆಯಾಗಲಿ, ಚಪ್ಪಲಿಯಾಗಲಿ ಬಹುಕಾಲ ಉಳಿದರೆ ಕನ್ನಡದಲ್ಲಿ ನಾವು "ಬಾಳಿಕೆ ಬಂತು" ಎನ್ನುತ್ತೇವೆ. ಬಾಳಿಕೆಯ ಬೇರು ಬಾಳು. ವಸ್ತು ಗಟ್ಟಿಯಾಗಿದೆ ಎಂದಷ್ಟೇ ಅಲ್ಲ, ನಮ್ಮ ಬಾಳಿನ ಜೊತೆಗೆ ಅದೂ ಬಾಳಿತು ಎಂಬ ಭಾವ ಆ ಮಾತಿನಲ್ಲಿದೆ. ನಮ್ಮಲ್ಲಿ ಅನೇಕರ ಮನೆಯಲ್ಲಿ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಇದ್ದೀತು. 2016ರಲ್ಲಿ ಆ ಗಡಿಯಾರಗಳ ಕಂಪೆನಿಯನ್ನು ಮುಚ್ಚುವ ತೀರ್ಮಾನವಾಯಿತು. ಮದುವೆಯಲ್ಲಿ ಮಾವನವರು ಕೊಟ್ಟ ಗಡಿಯಾರ ಮಾತ್ರ ಕೀಲಿ ಕೊಟ್ಟರೆ ಇನ್ನೂ ನಡೆಯುತ್ತದೆ. ಅದು ಬಾಳಿದ್ದು ದಿನದಿನವೂ ಕೆಲಸ ಮಾಡುತ್ತ. ಒರಳು, ಹೊಲಿಗೆಯಂತ್ರ, ದೇವರಮನೆಯ ದೀಪ ಎಲ್ಲವೂ ಹಾಗೆಯೇ. ಬಳಸಿದಷ್ಟೂ ಅವುಗಳ ಬಾಳು ಸಾರ್ಥಕ.

ಪಿಸ್ತೂಲಿನದು ಇದಕ್ಕೆ ತಿರುಗುಮುರುಗು. ಅದರ ಒಳ್ಳೆಯ ಭಾಗ್ಯವೆಂದರೆ ತಾನು ಯಾವ ಕೆಲಸಕ್ಕೆ ಹುಟ್ಟಿತೋ ಆ ಕೆಲಸವನ್ನು ಎಂದೂ ಮಾಡದೆ ಇರುವುದು. ದೀಪ ಉರಿಯದಿದ್ದರೆ ವ್ಯರ್ಥವೆನ್ನುತ್ತೇವೆ. ಪಿಸ್ತೂಲು ಸಿಡಿಯದಿದ್ದರೆ ಪುಣ್ಯವೆನ್ನುತ್ತೇವೆ. ಹಾಗಿದ್ದಮೇಲೆ "ಇನ್ನೂ ಮೂರು ತಲೆಮಾರು" ಎಂಬ ಹೊಗಳಿಕೆಗೆ ಅರ್ಥವೇನು? ಅಪ್ಪನ ಸಂಯಮವೂ ಮೂರು ತಲೆಮಾರು ಬಂದೀತೆಂದು ಯಾರಾದರೂ ಹೊಣೆ ನಿಲ್ಲಬಲ್ಲರೆ? ಉಕ್ಕು ಮಗನಿಗೆ, ಮೊಮ್ಮಗನಿಗೆ ಹಾಗೆಯೇ ದಾಟುತ್ತದೆ. ಅದನ್ನು ಬೀಗದೊಳಗೆ ಇಟ್ಟ ಮನಸ್ಸು ಹಾಗೆ ದಾಟುವುದಿಲ್ಲ. ಅದನ್ನು ಪ್ರತಿ ತಲೆಮಾರೂ ಹೊಸದಾಗಿ ಸಂಪಾದಿಸಬೇಕು.

ಆಯುಧವನ್ನು "ನಂಬಿಗಸ್ತ" ಎನ್ನುವುದೂ ರೂಢಿ. ಎಂದೂ ಕೈಕೊಡುವುದಿಲ್ಲ ಎಂದು ಅದರ ಅರ್ಥ. ಆದರೆ ಅದರ ನಂಬಿಕೆ ಯಾರ ಮೇಲೆ? ನಾಯಿಗೆ ಒಡೆಯನ ಗುರುತಿದೆ. ಪಿಸ್ತೂಲಿಗೆ ಆ ಕ್ಷಣದಲ್ಲಿ ಟ್ರಿಗರಿನ ಮೇಲಿರುವ ಬೆರಳಿನ ಗುರುತು ಮಾತ್ರ.

ಇದಕ್ಕೆ ನಮ್ಮ ದೇಶ ಮರೆಯಲಾಗದ ಸಾಕ್ಷಿಯೊಂದಿದೆ. 1948ರ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕೊಲ್ಲಲು ನಡೆದ ಮೊದಲ ಪ್ರಯತ್ನ ವಿಫಲವಾಯಿತು. ಆ ಗುಂಪಿನವರು ಅಂದು ಬೆಳಿಗ್ಗೆ ಕಾಡಿನಂತಹ ಜಾಗದಲ್ಲಿ ತಮ್ಮ ರಿವಾಲ್ವರುಗಳನ್ನು ಪರೀಕ್ಷಿಸಿದ್ದರು. ಅವು ಸರಿಯಾಗಿ ಕೆಲಸ ಮಾಡಿರಲಿಲ್ಲ ಎಂಬುದು ಮುಂದೆ ಕೆಂಪುಕೋಟೆಯ ವಿಚಾರಣೆಯಲ್ಲಿ ಹೊರಬಂದಿತು. ಆಮೇಲೆ ಗ್ವಾಲಿಯರಿಗೆ ಹೋಗಿ ಕೆಲಸ ಕೆಡಿಸದ ಆಯುಧವೊಂದನ್ನು ದೊರಕಿಸಿಕೊಂಡರು. ಅದು ಇಟಲಿಯ ಸೈನ್ಯಕ್ಕಾಗಿ ರೂಪಿಸಿದ 1934ರ ಮಾದರಿಯ ಬೆರೆಟ್ಟಾ ಪಿಸ್ತೂಲು. ಯಾವುದೋ ಸೈನಿಕನಿಗಾಗಿ ಇಟಲಿಯಲ್ಲಿ ಹುಟ್ಟಿದ್ದು ಕೈಯಿಂದ ಕೈಗೆ ದಾಟಿ, ಕೆಡದೆ, ತುಕ್ಕುಹಿಡಿಯದೆ ನಮ್ಮ ದೇಶಕ್ಕೆ ಬಂದಿತ್ತು. ಜನವರಿ 30ರ ಸಂಜೆ ಪ್ರಾರ್ಥನೆಗೆ ನಡೆದುಹೋಗುತ್ತಿದ್ದ 78 ವರ್ಷದ ವೃದ್ಧರ ಎದೆಗೆ ಅದು ಮೂರು ಗುಂಡು ಹಾರಿಸಿತು. ಒಂದೂ ತಪ್ಪಲಿಲ್ಲ.

ಬಾಳಿಕೆಯನ್ನು ಗುಣವೆನ್ನುವವರು ಒಂದು ನಿಮಿಷ ಯೋಚಿಸಬೇಕು. ಕೆಟ್ಟ ರಿವಾಲ್ವರುಗಳು ಆ ಮಹಾತ್ಮನ ಆಯುಷ್ಯಕ್ಕೆ ಹತ್ತು ದಿನ ಸೇರಿಸುವುದರಲ್ಲಿ ತಮ್ಮ ಪಾಲು ಸಲ್ಲಿಸಿದವು. ಒಳ್ಳೆಯ ಪಿಸ್ತೂಲು ಆ ಆಯುಷ್ಯವನ್ನು ಮುಗಿಸಿತು.

ನಮ್ಮ ಬಳಗದಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬರಿದ್ದಾರೆ. ಅವರು ಇಷ್ಟಕ್ಕೆ ಒಪ್ಪಲಿಲ್ಲ. "ಗಡಿಯಲ್ಲಿ ನಿಂತವನ ಕೈಯಲ್ಲಿ ಅದು ಅಡ್ಡಸಿಕ್ಕಿದರೆ ಸಾಯುವವನು ಅವನು. ಒಂಟಿಯಾಗಿ ಗಸ್ತು ತಿರುಗುವ ಪೊಲೀಸಿನವನದೂ ಅದೇ ಪಾಡು. ಸವೆದ ಪಿಸ್ತೂಲು ಕೆಳಗೆ ಬಿದ್ದರೂ ಸಿಡಿಯಬಹುದು. ಆಗ ಸಾಯುವುದು ಪಕ್ಕದಲ್ಲಿದ್ದ ನಿರಪರಾಧಿ. ಆಯುಧ ಇರಲೇಬೇಕಾದರೆ ಗಟ್ಟಿಯಾಗಿಯೇ ಇರಬೇಕು" ಎಂದರು. ಈ ಮಾತು ನ್ಯಾಯವಾದದ್ದು. ನಮ್ಮ ಮಿತ್ರರ ಪಿಸ್ತೂಲಿನ ಜಾತಿಯನ್ನೇ 1911ರಲ್ಲಿ ಲಂಡನ್ನಿನ ಪೊಲೀಸರು ತಮ್ಮದಾಗಿ ಮಾಡಿಕೊಂಡದ್ದು. ಅವರಿಗೆ ಬೇಕಾಗಿದ್ದುದು ನಂಬಬಹುದಾದ ರಕ್ಷಣೆ, ಕೊಲೆಯಲ್ಲ.

ಆದ್ದರಿಂದ ನಾವು ಬಾಳಿಕೆಯನ್ನೇ ಹಳಿಯುವುದಿಲ್ಲ. ಆಯುಧ ಹೆಚ್ಚುಕಾಲ ಬಾಳಿದಷ್ಟೂ ಒಡೆಯನ ಹೊಣೆ ಹೆಚ್ಚುತ್ತದೆ ಎಂಬುದಷ್ಟೇ ನಮ್ಮ ವಾದ. ಪೊಲೀಸಿನವನಿಗೆ ಆ ಹೊಣೆ ಹೊರುವ ವ್ಯವಸ್ಥೆಯೊಂದು ಬೆನ್ನಿಗಿದೆ: ಕೊಡುವಾಗ ಲೆಕ್ಕ, ಹಿಂದಕ್ಕೆ ಪಡೆಯುವಾಗ ಲೆಕ್ಕ. ಕೊಡಗಿನಲ್ಲಿ ಕೋವಿಗೆ ಹೀಗೆಯೇ ಒಂದು ಕಟ್ಟುಪಾಡಿನ ಬಾಳಿದೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಕೈಲ್ ಪೊಳ್ದಿನಂದು ಹೂವಿಟ್ಟು ಪೂಜೆ. ಅಲ್ಲಿ ಕೋವಿಗೆ ಮನೆತನವಿದೆ, ಊರಿದೆ, ನೋಡುವ ನೂರು ಕಣ್ಣುಗಳಿವೆ. ತಲೆಮಾರು ದಾಟಿ ಆಯುಧ ಉಳಿಯುವುದಾದರೆ ಅದನ್ನು ಕಾಯುವ ಬಳಗವೂ ತಲೆಮಾರು ದಾಟಿ ಜೊತೆಗಿರಬೇಕು.

ನಮ್ಮಂತಹ ವಲಸೆ ಬಂದ ಕುಟುಂಬಗಳಲ್ಲಿ ಆ ಬಳಗ ಎಲ್ಲಿದೆ? ಅಣ್ಣ ತೀರಿಕೊಂಡ, ತಮ್ಮ ತೋಟದಲ್ಲಿ ಒಬ್ಬನೇ, ತಂಗಿ ಪುಣೆಯಲ್ಲಿ, ಮಕ್ಕಳು ಯಾವ ಊರಿನಲ್ಲಿ ನೆಲೆಸುತ್ತಾರೋ ಯಾರು ಬಲ್ಲರು. ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಬೀಗದ ಪೆಟ್ಟಿಗೆ ಇದ್ದೀತು, ಅಪ್ಪನ ಕಣ್ಣು ಇರಲಾರದು. ಮಾರಿದರಂತೂ ಅದು ಯಾರ ಕೈ ಸೇರೀತು, ಅವರ ನಂತರ ಯಾರ ಕೈ ಸೇರೀತು ಎಂಬುದನ್ನು ಕಾಗದಪತ್ರ ಒಂದು ಹೆಜ್ಜೆಯವರೆಗೆ ಹೇಳೀತು, ಮೂರು ತಲೆಮಾರಿನವರೆಗಲ್ಲ.

ಇಂತಹ ಇಕ್ಕಟ್ಟು ಹೊಸದಲ್ಲ. ವಿಜಯದಶಮಿಯಂದು ಬನ್ನಿಯೆಲೆ ಹಂಚಿಕೊಳ್ಳುವಾಗ ನಾವು ನೆನೆಯುವ ಶಮೀವೃಕ್ಷದ ಕಥೆಯೂ ಆಯುಧಗಳ ಬಾಳಿಕೆಯ ಕಥೆಯೇ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಮರದ ಮೇಲೆ ಕಟ್ಟಿ, ಜನ ಹತ್ತಿರ ಬಾರದಿರಲೆಂದು ಶವವೊಂದನ್ನೂ ಜೊತೆಗೆ ಕಟ್ಟಿದರು. ವರ್ಷ ಕಳೆದ ಮೇಲೆ ಅವು ಇದ್ದ ಹಾಗೆಯೇ ಇದ್ದವು. ಆಯುಧವನ್ನು ಅಡಗಿಸಿಟ್ಟ ಜಾಗದಲ್ಲಿ ಸಾವಿನ ಗುರುತನ್ನೂ ಇಟ್ಟದ್ದು ಬರಿಯ ಉಪಾಯವಲ್ಲ, ವಿವೇಕ ಎಂದು ನಮಗೆ ತೋರುತ್ತದೆ.

ನಾವು ಹಬ್ಬ ಮಾಡುವುದು ಕಥೆಯ ಅಷ್ಟು ಭಾಗಕ್ಕೆ ಮಾತ್ರ. ಕೊನೆಯ ಭಾಗಕ್ಕೆ ಹಬ್ಬವಿಲ್ಲ. ಕೃಷ್ಣ ಹೋದ ಮೇಲೆ ದ್ವಾರಕೆಯ ಹೆಂಗಸರು ಮಕ್ಕಳನ್ನು ಕರೆತರುತ್ತಿದ್ದ ಅರ್ಜುನನ ಮೇಲೆ ದಾರಿಯಲ್ಲಿ ದರೋಡೆಕಾರರು ಬಿದ್ದರು. ಗಾಂಡೀವ ಗಟ್ಟಿಯಾಗಿಯೇ ಇತ್ತು. ಅದಕ್ಕೆ ಹೆದೆಯೇರಿಸುವುದೇ ಅರ್ಜುನನಿಗೆ ಕಷ್ಟವಾಯಿತು, ಅಸ್ತ್ರಗಳು ನೆನಪಿಗೇ ಬರಲಿಲ್ಲ. ಆದರೂ ಮಹಾಪ್ರಸ್ಥಾನಕ್ಕೆ ಹೊರಟಾಗಲೂ ಆಸೆ ಬಿಡದೆ ಅದನ್ನು ಹೊತ್ತುಕೊಂಡೇ ನಡೆದ. ಆಗ ಅಗ್ನಿ ಅಡ್ಡ ನಿಂತು, ಇದು ವರುಣನದು, ಹಿಂದಕ್ಕೆ ಕೊಡು ಎಂದು ಕೇಳಿದ. ಅರ್ಜುನ ಬಿಲ್ಲನ್ನೂ ಬತ್ತಳಿಕೆಗಳನ್ನೂ ನೀರಿಗೆ ಹಾಕಿದ. ತಾನಾಗಿ ಸವೆಯದ ಆಯುಧಕ್ಕೆ ಕೊನೆ ಕಾಣಿಸುವುದು ಒಡೆಯನ ಕೆಲಸ ಎಂಬುದನ್ನು ವ್ಯಾಸರು ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿರಲಿಲ್ಲ.

ಆ ಸಂಜೆ ನಮ್ಮ ಅಭಿಪ್ರಾಯ ತಂಗಿಯ ಕಡೆಗೇ ವಾಲಿತು. ಮಿತ್ರರು ಬಹಳ ಹೊತ್ತು ಸುಮ್ಮನಿದ್ದು, "ಸರಿ, ಸರಕಾರಕ್ಕೆ ಒಪ್ಪಿಸೋಣ. ಆದರೆ ನಮ್ಮ ಧರ್ಮಕ್ಕೆ ತಮ್ಮ ಯಾಕೆ ದುಡ್ಡು ಕಳಕೊಳ್ಳಬೇಕು?" ಎಂದರು. ನಮ್ಮಲ್ಲಿ ಯಾರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ಪಟ್ಟಣದಲ್ಲಿ ಕುಳಿತು ಊರಿನವರಿಗೆ ನೀತಿ ಹೇಳುವ ಚಟ ನಮ್ಮಲ್ಲಿ ಅನೇಕರಿಗಿದೆ. ಹಳೆಯ ಮನೆ ಕೆಡವಬಾರದು, ತೋಟ ಮಾರಬಾರದು, ನಾಗಬನದ ಮರ ಕಡಿಯಬಾರದು ಎಂದು ನಾವು ಹೇಳುತ್ತೇವೆ. ಸೋರುವ ಮಾಡಿನ ಕೆಳಗೆ ಮಲಗುವವರು ಅವರು. ಆದರ್ಶ ನಮ್ಮದು, ಅದರ ಖರ್ಚು ಅವರದು ಎಂಬುದು ಯಾವ ಧರ್ಮವೂ ಅಲ್ಲ.

ಕಳೆದ ತಿಂಗಳು ಮಿತ್ರರು ಮುಂದಿನದನ್ನು ಹೇಳಿದರು. ವ್ಯಾಪಾರಿ ಹೇಳಿದ ಬೆಲೆಯಲ್ಲಿ ಊರಿನ ತಮ್ಮನಿಗೆ ಬರಬೇಕಾಗಿದ್ದ ಪಾಲನ್ನು ಇವರೂ ಪುಣೆಯ ತಂಗಿಯೂ ಸೇರಿ ಕಂತಿನಲ್ಲಿ ಕೊಡುವುದೆಂದು ನಿಶ್ಚಯಿಸಿದರಂತೆ. ತಮ್ಮ ಮೊದಲು ಬೇಡವೆಂದ. ಆಮೇಲೆ, "ಅಕ್ಕ ಹೇಳಿದ್ದು ಬರಿಯ ಮಾತಲ್ಲ ಅಂತ ಈಗ ಗೊತ್ತಾಯ್ತು" ಎಂದು ಅರ್ಜಿಗೆ ಸಹಿ ಹಾಕಿದ. ಪಿಸ್ತೂಲನ್ನು ಒಪ್ಪಿಸಲು ಕಾಗದಪತ್ರ ಸಲ್ಲಿಸಿದ್ದಾರೆ.

ಅಪ್ಪ ಎಣ್ಣೆ ಒರೆಸುತ್ತಿದ್ದ ಬಟ್ಟೆಯ ತುಂಡನ್ನು ನಮ್ಮ ಮಿತ್ರರು ಮುಂಬಯಿಗೆ ತಂದಿದ್ದಾರೆ. ಮುಂದಿನ ಆಯುಧಪೂಜೆಗೆ ಅದರಿಂದ ಮಗಳ ಹೊಲಿಗೆಯಂತ್ರವನ್ನು ಒರೆಸುತ್ತಾರಂತೆ. ಅದೂ ಹಳೆಯದೇ. ಚೆನ್ನಾಗಿ ಬಾಳಿಕೆ ಬಂದಿದೆ.